ಹಾವಿನ ಹೆಜ್ಜೆ ಹಾವೇ ಬಲ್ಲದು: ಆಸ್ಕರ್ ತಾಂತ್ರಿಕ ವಿಭಾಗಗಳ ನಾಮನಿರ್ದೇಶನ ಊಹಿಸುವ ಬಗೆ

2023ರ ಜನವರಿಯಲ್ಲಿ ನನ್ನ ಆಸ್ಕರ್ ಊಹೆಯ ಪಟ್ಟಿಯಲ್ಲಿ ಛಾಯಾಗ್ರಹಣ ವಿಭಾಗದ ಮೊದಲ ಸಾಲಿನಲ್ಲಿ ‘ಟಾಪ್ ಗನ್: ಮ್ಯಾವರಿಕ್’ ಎಂದು ಬರೆದಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಮೆರಿಕದ ಛಾಯಾಗ್ರಾಹಕರ ಸಂಘ ಅದನ್ನು ಹೆಸರಿಸಿತ್ತು. ಬ್ರಿಟನ್ನಿನ ಚಲನಚಿತ್ರ ಪ್ರಶಸ್ತಿ ಬಾಫ್ಟಾ ಹೆಸರಿಸಿತ್ತು. ಯುದ್ಧವಿಮಾನದ ಕಾಕ್‌ಪಿಟ್‌ನೊಳಗೆ ಕ್ಯಾಮೆರಾಗಳನ್ನು ಕೂರಿಸಿದ ಕಥೆಯನ್ನು ಸಿನಿಮಾ ಪುಟಗಳೆಲ್ಲ ವರ್ಣಿಸಿದ್ದವು. ಕೊನೆಗೆ ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರವೂ ಸೇರಿ ಆರು ನಾಮನಿರ್ದೇಶನ ಬಂದವು. ಛಾಯಾಗ್ರಹಣಕ್ಕೆ ಮಾತ್ರ ಬರಲಿಲ್ಲ. ಆ ಜಾಗದಲ್ಲಿ ಕೂತಿದ್ದವು ನಾನು ಪಟ್ಟಿಯ ಅಂಚಿನಲ್ಲೂ ಬರೆಯದಿದ್ದ ಚಿತ್ರಗಳು.

ನನ್ನ ತಪ್ಪು ಅಭಿರುಚಿಯದ್ದಲ್ಲ, ಕ್ರಮದ್ದು. ‘ಯಾವುದು ಚೆನ್ನಾಗಿದೆ’ ಎಂದು ಕೇಳಿಕೊಂಡಿದ್ದೆ. ‘ಮತ ಹಾಕುವವರು ಯಾರು’ ಎಂದು ಕೇಳಿಕೊಂಡಿರಲಿಲ್ಲ. ನಟ, ನಟಿ, ನಿರ್ದೇಶಕರ ವಿಭಾಗಗಳನ್ನು ಊಹಿಸಲು ಪತ್ರಿಕೆ ಓದಿದರೂ ಸಾಕು. ಛಾಯಾಗ್ರಹಣ, ಸಂಕಲನ, ವಸ್ತ್ರವಿನ್ಯಾಸ, ನಿರ್ಮಾಣ ವಿನ್ಯಾಸ, ಪ್ರಸಾಧನ, ಧ್ವನಿ, ದೃಶ್ಯ ಪರಿಣಾಮ, ಸಂಗೀತ ಇವುಗಳ ಲೆಕ್ಕ ಬೇರೆ. ಆಮೇಲೆ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ. ಇಸವಿ ಎಂದಾಗಲೆಲ್ಲ ಸಮಾರಂಭ ನಡೆದ ವರ್ಷ ಎಂದು ತಿಳಿದುಕೊಳ್ಳಿ. ಚಿತ್ರ ಬಿಡುಗಡೆಯಾದದ್ದು ಸಾಮಾನ್ಯವಾಗಿ ಅದರ ಹಿಂದಿನ ವರ್ಷ.

ನಮಗೆ ಈ ವಿಭಾಗಗಳ ಮೇಲೆ ಕಣ್ಣಿಡಲು ಬೇರೆ ಕಾರಣವೂ ಇದೆ. ‘ಗಾಂಧಿ’ಯ ವಸ್ತ್ರವಿನ್ಯಾಸಕ್ಕೆ 1983ರಲ್ಲಿ ಭಾನು ಅಥೈಯಾ, ‘ಸ್ಲಮ್‌ಡಾಗ್ ಮಿಲಿಯನೇರ್’ನ ಧ್ವನಿಮಿಶ್ರಣಕ್ಕೆ 2009ರಲ್ಲಿ ರೆಸೂಲ್ ಪೂಕುಟ್ಟಿ, ಅದೇ ಚಿತ್ರದ ಸಂಗೀತ ಮತ್ತು ಹಾಡಿಗೆ ಎ.ಆರ್. ರೆಹಮಾನ್, ‘ನಾಟು ನಾಟು’ ಹಾಡಿಗೆ 2023ರಲ್ಲಿ ಕೀರವಾಣಿ ಮತ್ತು ಚಂದ್ರಬೋಸ್. ಆ ವೇದಿಕೆ ಹತ್ತಿದ ನಮ್ಮವರಲ್ಲಿ ಹೆಚ್ಚಿನವರು ಈ ಬಾಗಿಲಿನಿಂದಲೇ ಒಳಹೋದವರು.

ಮೊದಲ ಹೆಜ್ಜೆ: ಮತಪತ್ರ ಯಾರ ಕೈಯಲ್ಲಿದೆ ನೋಡಿ

ಆಸ್ಕರ್ ಕೊಡುವ ಅಕಾಡೆಮಿಯಲ್ಲಿ ಹತ್ತು ಸಾವಿರದಷ್ಟು ಮತದಾರರಿದ್ದಾರೆ ಎಂಬ ಸಂಖ್ಯೆ ಕೇಳಿ ಮೋಸ ಹೋಗಬೇಡಿ. ಅಷ್ಟೂ ಜನ ಮತ ಹಾಕುವುದು ಅಂತಿಮ ಸುತ್ತಿನಲ್ಲಿ. ನಾಮನಿರ್ದೇಶನದ ಸುತ್ತಿನಲ್ಲಿ ಛಾಯಾಗ್ರಹಣಕ್ಕೆ ಛಾಯಾಗ್ರಾಹಕರ ಶಾಖೆ, ಸಂಕಲನಕ್ಕೆ ಸಂಕಲನಕಾರರ ಶಾಖೆ, ವಸ್ತ್ರಕ್ಕೆ ವಸ್ತ್ರವಿನ್ಯಾಸಕರ ಶಾಖೆ ಮತ ಹಾಕುತ್ತದೆ. ಅತ್ಯುತ್ತಮ ಚಿತ್ರವನ್ನು ಮಾತ್ರ ಎಲ್ಲರೂ ನಾಮನಿರ್ದೇಶನ ಮಾಡುತ್ತಾರೆ. ಹಾಗಾಗಿ ನೀವು ಊಹಿಸಬೇಕಿರುವುದು ಹಾಲಿವುಡ್‌ನ ಮನಸ್ಸನ್ನಲ್ಲ, ಒಂದು ಕಸುಬಿನ ಕೆಲವೇ ನೂರು ಜನರ ಮನಸ್ಸನ್ನು.

ಅವರು ಪ್ರೇಕ್ಷಕರಂತೆ ಸಿನಿಮಾ ನೋಡುವುದಿಲ್ಲ. ಚಿತ್ರ ಸೋತಿತೋ ಗೆದ್ದಿತೋ ಎನ್ನುವುದು ಅವರಿಗೆ ಎರಡನೆಯ ಮಾತು. ‘ಈ ಷಾಟ್ ತೆಗೆಯುವುದು ಎಷ್ಟು ಕಷ್ಟ, ಯಾರು ತೆಗೆದರು’ ಎನ್ನುವುದು ಮೊದಲನೆಯದು. ವಿಮರ್ಶಕರು ಹಿಗ್ಗಾಮುಗ್ಗಾ ಬೈದ, ಗಲ್ಲಾಪೆಟ್ಟಿಗೆಯಲ್ಲೂ ಮಕಾಡೆ ಮಲಗಿದ ‘ದಿ ಲೋನ್ ರೇಂಜರ್’ಗೆ 2014ರಲ್ಲಿ ದೃಶ್ಯ ಪರಿಣಾಮ ಮತ್ತು ಪ್ರಸಾಧನ ಎರಡರಲ್ಲೂ ನಾಮನಿರ್ದೇಶನ ಸಿಕ್ಕಿತು. ‘ಸುಯಿಸೈಡ್ ಸ್ಕ್ವಾಡ್’ 2017ರಲ್ಲಿ ಪ್ರಸಾಧನದ ಪ್ರಶಸ್ತಿಯನ್ನೇ ಗೆದ್ದಿತು. ಚಿತ್ರ ನಿಮಗೆ ಹಿಡಿಸಲಿಲ್ಲ ಎಂಬ ಕಾರಣಕ್ಕೆ ಪಟ್ಟಿಯಿಂದ ಹೊಡೆದುಹಾಕಬೇಡಿ. ಈ ಆಟದಲ್ಲಿ ಹೊಸಬರು ಮಾಡುವ ಮೊದಲ ತಪ್ಪು ಅದೇ.

ಹೆಸರಿನ ತೂಕವೂ ಇಲ್ಲಿ ದೊಡ್ಡದು. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಹದಿಮೂರು ಬಾರಿ ನಾಮನಿರ್ದೇಶನಗೊಂಡು ಬರಿಗೈಯಲ್ಲಿ ಮರಳಿ, ಹದಿನಾಲ್ಕನೆಯ ಬಾರಿ ‘ಬ್ಲೇಡ್ ರನ್ನರ್ 2049’ಕ್ಕೆ ಗೆದ್ದವರು. ಅವರ ‘ಎಂಪೈರ್ ಆಫ್ ಲೈಟ್’ ಸದ್ದು ಮಾಡದ ಚಿತ್ರ. 2023ರಲ್ಲಿ ಅದಕ್ಕೆ ಬಂದ ಏಕೈಕ ನಾಮನಿರ್ದೇಶನ ಛಾಯಾಗ್ರಹಣದ್ದು. ಇನ್ನೊಬ್ಬ ಛಾಯಾಗ್ರಾಹಕ ಎಡ್ ಲಾಕ್‌ಮನ್ 2024ರಲ್ಲಿ ‘ಎಲ್ ಕೊಂಡೆ’ಗೆ, ಮರುವರ್ಷ ‘ಮರಿಯಾ’ಗೆ ಹೆಸರಿಸಲ್ಪಟ್ಟರು, ಎರಡೂ ಚಿತ್ರಗಳಿಗೆ ದಕ್ಕಿದ್ದು ಅದೊಂದೇ. ಸಂಗೀತ ಶಾಖೆಯ ನಿಷ್ಠೆಯಂತೂ ಹೇಳತೀರದು: ಜಾನ್ ವಿಲಿಯಮ್ಸ್ ಅವರ 54ನೆಯ ನಾಮನಿರ್ದೇಶನ 2024ರಲ್ಲಿ ಬಂದದ್ದು ಇಂಡಿಯಾನಾ ಜೋನ್ಸ್ ಸರಣಿಯ ಐದನೆಯ ಚಿತ್ರಕ್ಕೆ.

ಆದ್ದರಿಂದ ಮೊದಲ ಕೆಲಸ ಇದು. ಪ್ರತಿ ಚಿತ್ರದ ಪಕ್ಕದಲ್ಲಿ ಆ ಕೆಲಸ ಮಾಡಿದವರ ಹೆಸರು ಬರೆಯಿರಿ, ಅವರಿಗೆ ಹಿಂದೆ ಎಷ್ಟು ನಾಮನಿರ್ದೇಶನ ಬಂದಿವೆ ಎಂಬುದನ್ನೂ ಬರೆಯಿರಿ. ಚಿತ್ರದ ಹೆಸರು ಮಾತ್ರ ಇರುವ ಪಟ್ಟಿ ಅರ್ಧ ಪಟ್ಟಿ.

ಎರಡನೆಯ ಹೆಜ್ಜೆ: ಎಣಿಕೆ ಅರ್ಥವಾಗಲಿ

ಬಹುತೇಕ ಶಾಖೆಗಳಲ್ಲಿ ಸದಸ್ಯರು ಐದು ಹೆಸರುಗಳನ್ನು ಆದ್ಯತೆಯ ಕ್ರಮದಲ್ಲಿ ಬರೆಯುತ್ತಾರೆ. ನಮ್ಮ ರಾಜ್ಯಸಭಾ ಚುನಾವಣೆಯ ಎಣಿಕೆ ಗೊತ್ತಿದ್ದವರಿಗೆ ಇದು ಹೊಸತಲ್ಲ. 300 ಮತಪತ್ರಗಳು ಬಂದವು ಎಂದಿಟ್ಟುಕೊಳ್ಳಿ. ಸ್ಥಾನ ಐದು, 300ನ್ನು ಆರರಿಂದ ಭಾಗಿಸಿ ಒಂದು ಕೂಡಿಸಿದರೆ 51. ಮೊದಲ ಪ್ರಾಶಸ್ತ್ಯದ ಮತ 51 ಮುಟ್ಟಿದ ಚಿತ್ರ ಅಲ್ಲಿಗೆ ಒಳಗೆ. ಆಮೇಲೆ ತೀರ ಕಡಿಮೆ ಮೊದಲ ಮತ ಪಡೆದ ಚಿತ್ರವನ್ನು ಕೈಬಿಟ್ಟು, ಆ ಮತಪತ್ರಗಳನ್ನು ಅವುಗಳಲ್ಲಿ ಬರೆದ ಮುಂದಿನ ಹೆಸರಿಗೆ ಸೇರಿಸುತ್ತ ಹೋಗುತ್ತಾರೆ.

ಇದರ ಪರಿಣಾಮ ಮೇಲುನೋಟಕ್ಕೆ ಕಾಣುವುದಿಲ್ಲ. 250 ಜನ ಒಂದು ಚಿತ್ರವನ್ನು ‘ಪರವಾಗಿಲ್ಲ, ಚೆನ್ನಾಗಿದೆ’ ಎಂದು ನಾಲ್ಕನೆಯ ಜಾಗದಲ್ಲಿ ಬರೆದರು. ಮೊದಲ ಜಾಗದಲ್ಲಿ ಬರೆದವರು ಐದೇ ಜನ. ಆ ಚಿತ್ರ ಮೊದಲ ಸುತ್ತುಗಳಲ್ಲೇ ಹೊರಬೀಳುತ್ತದೆ. ಇನ್ನೊಂದನ್ನು 240 ಜನ ನೋಡಿಯೇ ಇಲ್ಲ, ನೋಡಿದ 60 ಜನರೂ ಅದನ್ನೇ ತಲೆಯ ಮೇಲೆ ಹೊತ್ತರು. ಅದು ಒಳಗೆ. ಅಂದರೆ ನಾವು ಹುಡುಕಬೇಕಾದದ್ದು ಎಲ್ಲರೂ ಒಪ್ಪುವ ಚಿತ್ರವನ್ನಲ್ಲ, ಕೆಲವರು ಬಿಟ್ಟುಕೊಡದ ಚಿತ್ರವನ್ನು. ದೃಶ್ಯ ಪರಿಣಾಮದಂಥ ವಿಭಾಗದಲ್ಲಿ ಎಣಿಕೆಯ ಬಗೆ ಬೇರೆ. ಅಲ್ಲಿಯೂ ಈ ಪ್ರಶ್ನೆ ಕೇಳಿಕೊಂಡರೆ ನಷ್ಟವಿಲ್ಲ.

ನಾನು ಪ್ರತಿ ಹೆಸರಿನ ಮುಂದೆ ಈಗ ಬರೆಯುವ ಒಂದು ಪ್ರಶ್ನೆ: ‘ಇದನ್ನು ಮೊದಲ ಸಾಲಿನಲ್ಲಿ ಬರೆಯುವವರು ಯಾರು?’ ಉತ್ತರ ಹೊಳೆಯದಿದ್ದರೆ ಅದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ, ಊರೆಲ್ಲ ಅದನ್ನು ಹೊಗಳುತ್ತಿದ್ದರೂ ಸರಿ.

ಮೂರನೆಯ ಹೆಜ್ಜೆ: ಅರ್ಹತೆಯೇ ಇಲ್ಲದವನ್ನು ಮೊದಲು ಹೊರಗಿಡಿ

ತಿಂಗಳುಗಟ್ಟಲೆ ಒಂದು ಚಿತ್ರದ ಸಂಗೀತವನ್ನು ಮೊದಲ ಸ್ಥಾನದಲ್ಲಿಟ್ಟು, ಕೊನೆಗೆ ಅದು ಸ್ಪರ್ಧೆಯಲ್ಲೇ ಇಲ್ಲ ಎಂದು ತಿಳಿದರೆ ಹೇಗಿರುತ್ತದೆ? ‘ಡ್ಯೂನ್: ಪಾರ್ಟ್ ಟು’ ಸಂಗೀತಕ್ಕೆ ಹಾಗಾಯಿತು. ಮೊದಲ ಭಾಗಕ್ಕೆ ಆಸ್ಕರ್ ಗೆದ್ದ ಹಾನ್ಸ್ ಝಿಮ್ಮರ್ ಎರಡನೆಯ ಭಾಗದಲ್ಲಿ ಹಳೆಯ ಸ್ವರಗಳನ್ನು ಬಹಳಷ್ಟು ಬಳಸಿದ್ದರಿಂದ 2025ರ ಸ್ಪರ್ಧೆಗೆ ಅದು ಅರ್ಹವಾಗಲಿಲ್ಲ. 2021ರ ಸಮಾರಂಭದ ಹೊತ್ತಿಗೆ ಬಂದ ನಿಯಮ ಹೀಗಿತ್ತು: ಚಿತ್ರದ ಸಂಗೀತದಲ್ಲಿ ಶೇ 60ರಷ್ಟಾದರೂ ಆ ಚಿತ್ರಕ್ಕೆಂದೇ ರಚಿಸಿದ್ದಿರಬೇಕು, ಸರಣಿಯ ಮುಂದಿನ ಭಾಗಗಳಲ್ಲಿ ಶೇ 80ರಷ್ಟು ಹೊಸದಿರಬೇಕು. ‘ಬರ್ಡ್‌ಮನ್’ನ ಡ್ರಮ್ ಸಂಗೀತ, ‘ಅರೈವಲ್’ನ ಸಂಗೀತ ಇವೂ ಬೇರೆ ಬೇರೆ ವರ್ಷ ನಿಯಮದ ಬಲೆಗೆ ಬಿದ್ದವೇ.

ಹಾಡಿನ ನಿಯಮ ಇನ್ನೂ ಸೂಕ್ಷ್ಮ. ಹಾಡು ಚಿತ್ರದೊಳಗೆ ಕೇಳಿಸಬೇಕು. ಚಿತ್ರ ಮುಗಿದ ಮೇಲಾದರೆ ಹೆಸರುಗಳು ಉರುಳುವಾಗಿನ ಮೊಟ್ಟಮೊದಲ ಹಾಡಾಗಿರಬೇಕು. ಒಂದೇ ಚಿತ್ರದ ಎರಡಕ್ಕಿಂತ ಹೆಚ್ಚು ಹಾಡುಗಳು ಅಂತಿಮ ಐದಕ್ಕೆ ಬರುವಂತಿಲ್ಲ. 2024ರಲ್ಲಿ ‘ಬಾರ್ಬಿ’ಯ ಮೂರು ಹಾಡುಗಳು ಮೊದಲ ಸೋಸುವಿಕೆಯಲ್ಲಿ ಉಳಿದು, ಐದರೊಳಗೆ ಬಂದದ್ದು ಎರಡೇ.

ನಿಯಮಾವಳಿಯನ್ನು ಅಕಾಡೆಮಿ ಪ್ರತಿವರ್ಷ ಪ್ರಕಟಿಸುತ್ತದೆ, ಪ್ರತಿವರ್ಷ ಏನಾದರೂ ಬದಲಾಗಿರುತ್ತದೆ. ಧ್ವನಿ ಸಂಕಲನ, ಧ್ವನಿ ಮಿಶ್ರಣ ಎಂದು ಎರಡಾಗಿದ್ದ ವಿಭಾಗಗಳು 2021ರಲ್ಲಿ ಒಂದಾದವು. ಪ್ರಸಾಧನದಲ್ಲಿ ಮೂರಿದ್ದ ಸ್ಥಾನಗಳು 2020ರಿಂದ ಐದಾಗಿವೆ. ಹಳೆಯ ಅಂಕಿಅಂಶ ನೋಡುವಾಗ ಇದನ್ನು ಮರೆತರೆ ಲೆಕ್ಕವೆಲ್ಲ ಬುಡಮೇಲು.

ನಾಲ್ಕನೆಯ ಹೆಜ್ಜೆ: ಡಿಸೆಂಬರ್ ಕಿರುಪಟ್ಟಿ

ಡಿಸೆಂಬರ್ ಮಧ್ಯದ ಹೊತ್ತಿಗೆ ಅಕಾಡೆಮಿ ಕೆಲವು ವಿಭಾಗಗಳ ಕಿರುಪಟ್ಟಿ ಹೊರಡಿಸುತ್ತದೆ. ದೃಶ್ಯ ಪರಿಣಾಮ, ಪ್ರಸಾಧನ ಮತ್ತು ಕೇಶವಿನ್ಯಾಸ, ಧ್ವನಿ ಇವಕ್ಕೆ ಹತ್ತು ಹತ್ತು ಚಿತ್ರ, ಹಿನ್ನೆಲೆ ಸಂಗೀತಕ್ಕೆ ಇಪ್ಪತ್ತು, ಹಾಡಿಗೆ ಹದಿನೈದು. 2026ರ ಸಮಾರಂಭದಿಂದ ಛಾಯಾಗ್ರಹಣಕ್ಕೂ, ಹೊಸದಾಗಿ ಸೇರಿದ ಪಾತ್ರವರ್ಗದ ಆಯ್ಕೆಗೂ ಕಿರುಪಟ್ಟಿ ಬಂದಿದೆ. ಸಂಕಲನ, ವಸ್ತ್ರ, ನಿರ್ಮಾಣ ವಿನ್ಯಾಸಕ್ಕೆ ಇಲ್ಲ. ಅಲ್ಲಿ ಕೊನೆಯವರೆಗೂ ಮೈದಾನ ಬಯಲೇ.

ಕಿರುಪಟ್ಟಿಯಲ್ಲಿ ಇರುವುದಕ್ಕಿಂತ ಇಲ್ಲದಿರುವುದನ್ನು ಮೊದಲು ಓದಿ. 2024ರಲ್ಲಿ ಹದಿಮೂರು ನಾಮನಿರ್ದೇಶನ ಪಡೆದ ‘ಒಪೆನ್‌ಹೈಮರ್’ ದೃಶ್ಯ ಪರಿಣಾಮದ ಹತ್ತರಲ್ಲೇ ಇರಲಿಲ್ಲ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದೆ ಸ್ಫೋಟ ತೋರಿಸಿದ್ದೇವೆ ಎಂಬ ಪ್ರಚಾರವೇ ಆ ಶಾಖೆಯವರ ಮುಂದೆ ಮುಳುವಾಯಿತೇನೋ ಎಂದು ನನ್ನ ಗುಮಾನಿ. ‘ಬಾರ್ಬಿ’ ಪ್ರಸಾಧನದ ಹತ್ತರಲ್ಲಿ ಇರಲಿಲ್ಲ. ಕಿರುಪಟ್ಟಿ ಬಂದ ದಿನ ಇಂಥವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ಸುಖವೇ ಬೇರೆ: ಅಷ್ಟರಮಟ್ಟಿಗೆ ಊಹೆಯ ಕೆಲಸ ಕಡಿಮೆಯಾಯಿತು.

ಕಿರುಪಟ್ಟಿಯ ನಂತರ ಕೆಲವು ಶಾಖೆಗಳು ತುಣುಕುಗಳ ಪ್ರದರ್ಶನ ಇಟ್ಟುಕೊಳ್ಳುತ್ತವೆ. ದೃಶ್ಯ ಪರಿಣಾಮದವರು ಪ್ರತಿ ಚಿತ್ರದಿಂದ ಆಯ್ದ ಹತ್ತು ನಿಮಿಷದ ತುಣುಕು ನೋಡುತ್ತಾರೆ, ಕೆಲಸ ಮಾಡಿದವರು ಎದುರು ನಿಂತು ವಿವರಿಸುತ್ತಾರೆ. ಇಡೀ ಚಿತ್ರ ಹೇಗಿದೆ ಎನ್ನುವುದು ಆ ಕೋಣೆಯಲ್ಲಿ ಹಿಂದೆ ಸರಿಯುತ್ತದೆ. ‘ಈ ಚಿತ್ರದಿಂದ ಹತ್ತು ನಿಮಿಷ ಕತ್ತರಿಸಿದರೆ ಹೇಗಿರುತ್ತದೆ’ ಎಂದು ನೀವೂ ಕಲ್ಪಿಸಿಕೊಳ್ಳಿ. ‘ಪ್ಲ್ಯಾನೆಟ್ ಆಫ್ ದಿ ಏಪ್ಸ್’ ಸರಣಿಯ ಇತ್ತೀಚಿನ ನಾಲ್ಕೂ ಚಿತ್ರಗಳು ನಾಮನಿರ್ದೇಶನ ಪಡೆದದ್ದು, ಒಂದೂ ಗೆಲ್ಲದಿದ್ದದ್ದು ಈ ಕಾರಣಕ್ಕೇ ಇರಬೇಕು: ಕಸುಬಿನವರಿಗೆ ಆ ಮಂಗನ ಮುಖದ ಬೆಲೆ ಗೊತ್ತು, ಅಂತಿಮ ಸುತ್ತಿನ ಉಳಿದ ಮತದಾರರಿಗೆ ಅದು ಬರೀ ಮಂಗ.

ಐದನೆಯ ಹೆಜ್ಜೆ: ಗಿಲ್ಡ್ ಪಟ್ಟಿಗಳನ್ನು ಜರಡಿ ಹಿಡಿಯುವುದು

ಜನವರಿಯಲ್ಲಿ ಕಸುಬುದಾರರ ಸಂಘಗಳು ಒಂದರ ಹಿಂದೊಂದು ಪಟ್ಟಿ ಹೊರಡಿಸುತ್ತವೆ. ಛಾಯಾಗ್ರಾಹಕರ ಎಎಸ್‌ಸಿ, ಸಂಕಲನಕಾರರ ಎಸಿಇ, ಕಲಾ ನಿರ್ದೇಶಕರ ಎಡಿಜಿ, ವಸ್ತ್ರವಿನ್ಯಾಸಕರ ಸಿಡಿಜಿ, ದೃಶ್ಯ ಪರಿಣಾಮದವರ ವಿಇಎಸ್, ಧ್ವನಿಯಲ್ಲಿ ಮಿಶ್ರಣದವರ ಸಿಎಎಸ್ ಮತ್ತು ಸಂಕಲನದವರ ಎಂಪಿಎಸ್‌ಇ. ಇವು ಅತ್ಯುತ್ತಮ ಸುಳಿವುಗಳು, ಆದರೆ ಇವನ್ನು ಹಾಗೆಯೇ ನಕಲು ಮಾಡಿದರೆ ಕೆಡುತ್ತೀರಿ. ಸಂಘವೂ ಶಾಖೆಯೂ ಒಂದೇ ಅಲ್ಲ. ಅಕಾಡೆಮಿಯ ಶಾಖೆಯಲ್ಲಿ ಅಮೆರಿಕದ ಆಚೆಯವರೂ ಗಣನೀಯವಾಗಿದ್ದಾರೆ.

ಮತ್ತೆ 2023ರ ಛಾಯಾಗ್ರಹಣಕ್ಕೇ ಬರೋಣ, ಆ ಗಾಯವನ್ನು ಬಿಚ್ಚಿ ನೋಡುವುದರಿಂದ ಲಾಭವಿದೆ. ಎಎಸ್‌ಸಿ ಹೆಸರಿಸಿದ್ದು: ‘ಬಾರ್ಡೊ’, ‘ದಿ ಬ್ಯಾಟ್‌ಮನ್’, ‘ಎಲ್ವಿಸ್’, ‘ಎಂಪೈರ್ ಆಫ್ ಲೈಟ್’, ‘ಟಾಪ್ ಗನ್’. ಬಾಫ್ಟಾ ಇವುಗಳಲ್ಲಿ ‘ಬಾರ್ಡೊ’ ಬಿಟ್ಟು ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಸೇರಿಸಿತು. ಎರಡೂ ಕಡೆ ಇದ್ದ ನಾಲ್ಕು ಚಿತ್ರ ಖಚಿತ ಎಂದು ಯಾರಾದರೂ ಬರೆಯುತ್ತಿದ್ದರು, ನಾನೂ ಬರೆದೆ. ಬಂದದ್ದು: ‘ಆಲ್ ಕ್ವೈಟ್’, ‘ಬಾರ್ಡೊ’, ‘ಎಲ್ವಿಸ್’, ‘ಎಂಪೈರ್ ಆಫ್ ಲೈಟ್’, ‘ಟಾರ್’. ನಾಲ್ಕರಲ್ಲಿ ಎರಡು ಮಾಯ. ಎರಡೂ ದೊಡ್ಡ ಸ್ಟುಡಿಯೋ ಚಿತ್ರಗಳು, ಎಲ್ಲರೂ ಮೆಚ್ಚಿದವು, ಬಹುಶಃ ಬಹಳ ಜನ ಮೂರನೆಯ ನಾಲ್ಕನೆಯ ಸ್ಥಾನದಲ್ಲಿ ಬರೆದವು. ಬಂದವುಗಳಲ್ಲಿ ಒಂದು ಜರ್ಮನ್, ಒಂದು ಸ್ಪ್ಯಾನಿಷ್ ಚಿತ್ರ. ‘ಟಾರ್’ಗೆ ಸುಳಿವೇ ಇರಲಿಲ್ಲವೆ? ಇತ್ತು. ಪೋಲೆಂಡಿನಲ್ಲಿ ಪ್ರತಿ ನವೆಂಬರ್‌ನಲ್ಲಿ ನಡೆಯುವ, ಛಾಯಾಗ್ರಾಹಕರಿಗೆಂದೇ ಇರುವ ಕ್ಯಾಮರಿಮಾಜ್ ಉತ್ಸವದಲ್ಲಿ 2022ರ ಸ್ವರ್ಣ ಕಪ್ಪೆ ಪ್ರಶಸ್ತಿ ಸಿಕ್ಕಿದ್ದು ಅದಕ್ಕೇ. ನಾನು ಅದನ್ನು ಓದಿದ್ದೆ, ಓದಿ ಮರೆತಿದ್ದೆ. ಹಾಗೆಂದು ಆ ಕಪ್ಪೆಯನ್ನೇ ನಂಬಿ ಕೂರಬೇಡಿ: ಮುಂದಿನ ಎರಡು ವರ್ಷ ಅದನ್ನು ಗೆದ್ದ ಚಿತ್ರಗಳು ಛಾಯಾಗ್ರಹಣದ ಐದರಲ್ಲಿ ಕಾಣಿಸಲಿಲ್ಲ.

ಅದರ ಮರುವರ್ಷ ಎಎಸ್‌ಸಿಯ ಐದೂ ಚಿತ್ರಗಳು ಆಸ್ಕರ್‌ನ ಐದೂ ಚಿತ್ರಗಳು ಒಂದೇ ಆದವು. ನಾನು ಜಾಣತನ ತೋರಿಸಲು ಹೋಗಿ ಒಂದನ್ನು ಬದಲಿಸಿದ್ದೆ.

ಉಳಿದ ಸಂಘಗಳಲ್ಲಿ ಪಟ್ಟಿ ಉದ್ದ ಎನ್ನುವುದೇ ತೊಡಕು. ಎಡಿಜಿ ಮತ್ತು ಸಿಡಿಜಿಗಳು ಚರಿತ್ರೆಯ ಕಾಲ, ಕಲ್ಪನಾಲೋಕ, ಸಮಕಾಲೀನ ಎಂದು ಮೂರು ಭಾಗ ಮಾಡುತ್ತವೆ. ಆಗ ಹದಿನೈದು ಹೆಸರು ಕೈಗೆ ಸಿಗುತ್ತವೆ, ನಿಮಗೆ ಬೇಕಾದದ್ದು ಐದು. ಸಮಕಾಲೀನದ ಐದನ್ನು ಮೊದಲು ಪಕ್ಕಕ್ಕಿಡಿ. ಅದರಿಂದ ಬಂದರೆ ಒಂದು, ಬಹಳ ವರ್ಷ ಅದೂ ಇಲ್ಲ. ಎಸಿಇ ಗಂಭೀರ ಚಿತ್ರ, ಹಾಸ್ಯ ಚಿತ್ರ ಎಂದು ಒಡೆಯುತ್ತದೆ. ವಿಇಎಸ್‌ನಲ್ಲಿ ಮುಖ್ಯ ವಿಭಾಗದ ಜೊತೆಗೆ ‘ಪೋಷಕ’ ದೃಶ್ಯ ಪರಿಣಾಮದ ವಿಭಾಗವಿದೆ. ಕಣ್ಣಿಗೆ ಕಾಣದ ಹಾಗೆ ಮಾಡಿದ ಕೆಲಸಕ್ಕೆ ಅದು. ಮುದುಕ ನಟರನ್ನು ಹರೆಯದವರನ್ನಾಗಿ ತೋರಿಸಿದ ‘ದಿ ಐರಿಷ್‌ಮನ್’ 2020ರಲ್ಲಿ ಅದನ್ನು ಗೆದ್ದು ಆಸ್ಕರ್ ಐದರಲ್ಲೂ ಬಂದಿತ್ತು. ಧ್ವನಿಯಲ್ಲಿ ಸಿಎಎಸ್, ಎಂಪಿಎಸ್‌ಇ ಎರಡೂ ಕಡೆ ಕಾಣುವ ಹೆಸರುಗಳನ್ನು ಹಿಡಿದರೆ ಸಾಕು.

ಬಾಫ್ಟಾ ನಾಮನಿರ್ದೇಶನಕ್ಕೆ ಮೊದಲಿನ ಹತ್ತರ ಉದ್ದಪಟ್ಟಿಯನ್ನು ಜನವರಿ ಮೊದಲಲ್ಲೇ ಬಿಡುತ್ತದೆ. ‘ಆಲ್ ಕ್ವೈಟ್’ಗೆ ಅಲ್ಲಿ ಹದಿನಾಲ್ಕು ನಾಮನಿರ್ದೇಶನ ಬಂದಾಗ ಅಮೆರಿಕದ ಊಹೆಗಾರರು ಬ್ರಿಟಿಷರ ಹುಚ್ಚು ಎಂದುಕೊಂಡರು, ಆಸ್ಕರ್‌ನಲ್ಲಿ ಅದಕ್ಕೆ ಒಂಬತ್ತು ಬಂದವು, ಬಹುಪಾಲು ತಾಂತ್ರಿಕವೇ. ಯುರೋಪಿನ ಚಿತ್ರವೊಂದು ಬಾಫ್ಟಾದ ನಾಲ್ಕೈದು ತಾಂತ್ರಿಕ ಉದ್ದಪಟ್ಟಿಗಳಲ್ಲಿ ಕಂಡರೆ ಎಚ್ಚರವಾಗಿ.

ಆರನೆಯ ಹೆಜ್ಜೆ: ಪ್ರತಿ ವಿಭಾಗದ ಜಾಯಮಾನ ತಿಳಿಯುವುದು

ಸಂಕಲನ ಸುಲಭ, ಸ್ವಲ್ಪ ಬೇಸರದ್ದೂ ಹೌದು. ಅತ್ಯುತ್ತಮ ಚಿತ್ರಕ್ಕೆ ಸ್ಪರ್ಧಿಸುವ ಹತ್ತರಿಂದ ಐದನ್ನು ಆರಿಸಿ, ಮುಗಿಯಿತು. 2023, 2024, 2025 ಮೂರೂ ವರ್ಷ ಸಂಕಲನದ ಐದೈದು ಚಿತ್ರಗಳೂ ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿದ್ದವೇ. 2022ರಲ್ಲಿ ಒಂದೇ ಒಂದು ಹೊರಗಿನದು, ‘ಟಿಕ್, ಟಿಕ್... ಬೂಮ್!’. ಈ ನಂಟು ಹಳೆಯದು: ‘ಆರ್ಡಿನರಿ ಪೀಪಲ್’ ನಂತರ ‘ಬರ್ಡ್‌ಮನ್’ವರೆಗೆ ಮೂರು ದಶಕಕ್ಕೂ ಹೆಚ್ಚು ಕಾಲ ಸಂಕಲನದ ನಾಮನಿರ್ದೇಶನವಿಲ್ಲದ ಯಾವ ಚಿತ್ರವೂ ಅತ್ಯುತ್ತಮ ಚಿತ್ರ ಗೆದ್ದಿರಲಿಲ್ಲ. ಹತ್ತರಲ್ಲಿ ಐದನ್ನು ಆರಿಸುವಾಗ ವೇಗವಾಗಿ ಓಡುವ, ಕಾಲವನ್ನು ಹಿಂದೆಮುಂದೆ ಮಾಡುವ, ಸಂಗೀತಕ್ಕೆ ಕತ್ತರಿಸಿದ ಚಿತ್ರಗಳ ಕಡೆ ವಾಲಿ. ಒಳ್ಳೆಯ ಸಂಕಲನ ಕಣ್ಣಿಗೆ ಕಾಣುವುದಿಲ್ಲ ಎನ್ನುತ್ತಾರೆ. ಮತ ಬೀಳುವುದು ಮಾತ್ರ ಕಾಣುವ ಸಂಕಲನಕ್ಕೆ.

ವಸ್ತ್ರವಿನ್ಯಾಸ, ನಿರ್ಮಾಣ ವಿನ್ಯಾಸ ಅವಳಿಗಳಂತೆ. 2024ರಲ್ಲಿ ಎರಡರ ಐದೂ ಹೆಸರುಗಳು ಒಂದೇ: ‘ಬಾರ್ಬಿ’, ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’, ‘ನೆಪೋಲಿಯನ್’, ‘ಒಪೆನ್‌ಹೈಮರ್’, ‘ಪೂರ್ ಥಿಂಗ್ಸ್’. ಎಲ್ಲವೂ ಹಳೆಯ ಕಾಲ ಅಥವಾ ಇಲ್ಲದ ಲೋಕ. ನಮ್ಮ ಕಾಲದ ಮನೆಯೊಂದನ್ನು ಕಟ್ಟಿದ ‘ಪ್ಯಾರಸೈಟ್’ (2020), ‘ದಿ ಫಾದರ್’ (2021) ಒಳಬಂದದ್ದು ಮನೆಯೇ ಅಲ್ಲಿ ಪಾತ್ರವಾಗಿದ್ದರಿಂದ. ವ್ಯತ್ಯಾಸ ಎಲ್ಲಿದೆಯೆಂದರೆ, ನಿರ್ಮಾಣ ವಿನ್ಯಾಸದವರು ಅತ್ಯುತ್ತಮ ಚಿತ್ರದ ಪಟ್ಟಿಗೆ ಹೆಚ್ಚು ಅಂಟಿಕೊಳ್ಳುತ್ತಾರೆ, ವಸ್ತ್ರದವರು ತಮ್ಮ ದಾರಿ ಹಿಡಿಯುತ್ತಾರೆ. ‘ಸಿರಾನೊ’ (2022), ‘ಮಿಸೆಸ್ ಹ್ಯಾರಿಸ್ ಗೋಸ್ ಟು ಪ್ಯಾರಿಸ್’ (2023), ‘ಗ್ಲ್ಯಾಡಿಯೇಟರ್ 2’ (2025) ಮೂರಕ್ಕೂ ಬಂದ ಒಂದೇ ಒಂದು ನಾಮನಿರ್ದೇಶನ ವಸ್ತ್ರದ್ದು. ಆದ್ದರಿಂದ ವಸ್ತ್ರದ ಐದರಲ್ಲಿ ಒಂದು ಜಾಗವನ್ನು ಹೀಗೆ ಬೇರೆಲ್ಲೂ ಹೆಸರಿಲ್ಲದ ಒಂಟಿ ಚಿತ್ರಕ್ಕೆಂದೇ ಕಾದಿರಿಸುತ್ತೇನೆ. ಅದು ಸಾಮಾನ್ಯವಾಗಿ ಬಟ್ಟೆಯೇ ಕಥೆಯ ಭಾಗವಾಗಿರುವ ಚಿತ್ರ, ಇಲ್ಲವೇ ಹೆಸರಾಂತ ವಿನ್ಯಾಸಕರದ್ದು.

ಪ್ರಸಾಧನ ನನಗೆ ಅತಿ ಪ್ರಿಯವಾದ ವಿಭಾಗ, ಏಕೆಂದರೆ ಇಲ್ಲಿ ಯಾರ ಮರ್ಯಾದೆಗೂ ಬೆಲೆಯಿಲ್ಲ. ‘ನಾರ್ಬಿಟ್’ ನಾಮನಿರ್ದೇಶನಗೊಂಡಿದೆ. ಬೀದಿ ಕುಚೇಷ್ಟೆಯ ‘ಜಾಕ್ಯಾಸ್’ ತಂಡದ ‘ಬ್ಯಾಡ್ ಗ್ರ್ಯಾಂಡ್‌ಪಾ’ 2014ರ ಮೂರರಲ್ಲಿ ಒಂದಾಗಿತ್ತು. ಗೆದ್ದ ‘ಡಲ್ಲಾಸ್ ಬೈಯರ್ಸ್ ಕ್ಲಬ್’ನ ಪ್ರಸಾಧನದ ಬಜೆಟ್ಟು 250 ಡಾಲರ್ ಎಂದು ವರದಿಯಾಗಿತ್ತು. ಸ್ವೀಡನ್ನಿನ ‘ಎ ಮ್ಯಾನ್ ಕಾಲ್ಡ್ ಊವೆ’, ‘ಬಾರ್ಡರ್’, ಇಟಲಿಯ ‘ಪಿನೋಕಿಯೊ’ ಎಲ್ಲಕ್ಕೂ ಇಲ್ಲಿ ಜಾಗ ಸಿಕ್ಕಿದೆ. ಸ್ಥೂಲವಾಗಿ ನಾಲ್ಕು ಬಗೆಯ ಕೆಲಸ ಇಲ್ಲಿ ಗೆಲ್ಲುತ್ತದೆ: ಪರಿಚಿತ ನಟರನ್ನು ಗುರುತಿಸಲಾಗದಂತೆ ಐತಿಹಾಸಿಕ ವ್ಯಕ್ತಿಯಾಗಿಸುವುದು (‘ಗೋಲ್ಡಾ’, ‘ಮೈಸ್ಟ್ರೊ’), ದೇಹವನ್ನೇ ಬದಲಿಸುವುದು (‘ದಿ ವೇಲ್’, ‘ಎ ಡಿಫರೆಂಟ್ ಮ್ಯಾನ್’), ವಿಕೃತಿ ಮತ್ತು ಭೂತಪ್ರೇತ (‘ದಿ ಸಬ್‌ಸ್ಟೆನ್ಸ್’, ‘ನೊಸ್ಫೆರಾಟು’), ಗಾಯ ಮತ್ತು ಹಸಿವು (‘ಸೊಸೈಟಿ ಆಫ್ ದಿ ಸ್ನೋ’). ಬರೀ ಚೆಂದದ ಮುಖಾಲಂಕಾರ, ಅಂದದ ಕೇಶವಿನ್ಯಾಸ ಇದ್ದರೆ ಸಾಲದು. ‘ಬಾರ್ಬಿ’ ಹೊರಗುಳಿದದ್ದನ್ನು ನೆನೆಯಿರಿ. ನಟ ಅಥವಾ ನಟಿಯೂ ಅದೇ ಪಾತ್ರಕ್ಕೆ ಪ್ರಶಸ್ತಿಯ ಮಾತಿನಲ್ಲಿದ್ದರೆ ಇನ್ನೂ ಗಟ್ಟಿ. ‘ದಿ ಐರನ್ ಲೇಡಿ’, ‘ಡಾರ್ಕೆಸ್ಟ್ ಅವರ್’, ‘ದಿ ಐಸ್ ಆಫ್ ಟ್ಯಾಮಿ ಫೇ’, ‘ದಿ ವೇಲ್’ ನಾಲ್ಕರಲ್ಲೂ ಪಾತ್ರಧಾರಿಯ ಜೊತೆಗೆ ಬಣ್ಣ ಹಚ್ಚಿದವರೂ ಗೆದ್ದರು.

ದೃಶ್ಯ ಪರಿಣಾಮದಲ್ಲಿ ಹಣ ಚೆಲ್ಲಿದವನೇ ಗೆಲ್ಲುತ್ತಾನೆ ಎಂಬುದು ತಪ್ಪು ಕಲ್ಪನೆ. ‘ಎಕ್ಸ್ ಮಾಕಿನಾ’ ಸುಮಾರು 15 ದಶಲಕ್ಷ ಡಾಲರ್‌ನಲ್ಲಿ ತಯಾರಾಗಿ 2016ರಲ್ಲಿ ‘ಸ್ಟಾರ್ ವಾರ್ಸ್’, ‘ಮ್ಯಾಡ್ ಮ್ಯಾಕ್ಸ್’ಗಳ ಎದುರು ಗೆದ್ದಿತು; ಜಪಾನಿನ ‘ಗಾಡ್ಜಿಲ್ಲಾ ಮೈನಸ್ ಒನ್’ ಅದಕ್ಕಿಂತ ಕಡಿಮೆ ಖರ್ಚಿನಲ್ಲಿ 2024ರಲ್ಲಿ ಗೆದ್ದಿತು. ಹತ್ತರ ಕಿರುಪಟ್ಟಿಯಲ್ಲಿ ಅಂಥ ಚಿಕ್ಕ ತಂಡದ ಚಿತ್ರವೊಂದು ಉಳಿದಿದ್ದರೆ ಅದನ್ನು ಮೇಲಕ್ಕೆ ತನ್ನಿ. ಅಷ್ಟು ಕಡಿಮೆ ಜನ ಹೇಗೆ ಮಾಡಿದರು ಎಂಬ ಬೆರಗು ಆ ಕಸುಬಿನವರಿಗೇ ಹೆಚ್ಚು. ಸೂಪರ್‌ಹೀರೋ ಚಿತ್ರಗಳಿಗೆ ಒಂದಕ್ಕಿಂತ ಹೆಚ್ಚು ಜಾಗ ಬಿಡುವುದು ಈಚೆಗೆ ಅಪರೂಪವಾಗುತ್ತಿದೆ. ಮಾತನಾಡುವ, ಹಾಡುವ ಪ್ರಾಣಿಮುಖಕ್ಕೆ ಜಾಗ ಉಂಟು: ಗಾಯಕನನ್ನು ವಾನರನಾಗಿ ತೋರಿಸಿದ ‘ಬೆಟರ್ ಮ್ಯಾನ್’ಗೆ 2025ರಲ್ಲಿ ಬಂದದ್ದು ಇದೊಂದೇ ನಾಮನಿರ್ದೇಶನ.

ಧ್ವನಿಯ ಸೂತ್ರ ಚಿಕ್ಕದು: ಯುದ್ಧ, ವಾಹನ, ಹಾಡು. ಐದರಲ್ಲಿ ಒಂದು ಸಂಗೀತಪ್ರಧಾನ ಚಿತ್ರ ಇಟ್ಟುಕೊಳ್ಳಿ, ಎರಡು ಇಟ್ಟರೂ ಅಡ್ಡಿಯಿಲ್ಲ. ಮೌನವನ್ನೇ ಕಟ್ಟಿದ ‘ಸೌಂಡ್ ಆಫ್ ಮೆಟಲ್’, ಗೋಡೆಯಾಚೆಯ ಸದ್ದಿನಿಂದಲೇ ಭೀತಿ ಹುಟ್ಟಿಸಿದ ‘ದಿ ಝೋನ್ ಆಫ್ ಇಂಟರೆಸ್ಟ್’ ಬಂದಾಗ ಸೂತ್ರವನ್ನು ಮಡಿಚಿಡಿ. ಎರಡೂ ನಾಮನಿರ್ದೇಶನಕ್ಕೆ ನಿಲ್ಲದೆ ಗೆದ್ದೇಬಿಟ್ಟವು.

ಸಂಗೀತದಲ್ಲಿ ಗೋಲ್ಡನ್ ಗ್ಲೋಬ್ ನೋಡಿ ಮರುಳಾಗಬೇಡಿ. ‘ಫಸ್ಟ್ ಮ್ಯಾನ್’ 2019ರಲ್ಲಿ, ‘ಚಾಲೆಂಜರ್ಸ್’ 2025ರಲ್ಲಿ ಸಂಗೀತಕ್ಕೆ ಗ್ಲೋಬ್ ಗೆದ್ದವು, ಎರಡೂ ಆಸ್ಕರ್‌ನ ಐದರಲ್ಲಿ ಇರಲಿಲ್ಲ. ಕುಣಿಸುವ ಎಲೆಕ್ಟ್ರಾನಿಕ್ ಸಂಗೀತಕ್ಕಿಂತ ವಾದ್ಯವೃಂದದ ಕಡೆ, ಹೊಸಬರಿಗಿಂತ ಹಳಬರ ಕಡೆ ಈ ಶಾಖೆಯ ಒಲವು. ಹಾಡಿನ ವಿಭಾಗದ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ: ಒಂದು ಸಾಲು ಗೀತರಚನಕಾರ್ತಿ ಡಯಾನ್ ವಾರನ್ ಅವರಿಗೆ ಬಿಟ್ಟುಬಿಡಿ. 2025ರ ಹೊತ್ತಿಗೆ ಅವರಿಗೆ ಹದಿನಾರು ನಾಮನಿರ್ದೇಶನ ಬಂದಿದ್ದವು; ಅವುಗಳಲ್ಲಿ ಕೆಲವು ಚಿತ್ರಗಳ ಹೆಸರು ಅವರ ಅಭಿಮಾನಿಗಳಿಗೂ ನೆನಪಿರಲಿಕ್ಕಿಲ್ಲ.

ಪಾತ್ರವರ್ಗದ ಆಯ್ಕೆಗೆ ಹಿಂದಿನ ದಾಖಲೆಯ ಆಸರೆ ಇಲ್ಲ. 2028ರ ಸಮಾರಂಭದಲ್ಲಿ ಸಾಹಸ ವಿನ್ಯಾಸವೂ ಸೇರಲಿದೆ. ಇಂಥ ಹೊಸ ವಿಭಾಗಗಳಲ್ಲಿ ಮೊದಲ ಕೆಲವು ವರ್ಷ ಅಂಕಕ್ಕೆ ಆಡದೆ ಸುಮ್ಮನೆ ಟಿಪ್ಪಣಿ ಮಾಡಿಕೊಳ್ಳುವುದು ಮೇಲು.

ಏಳನೆಯ ಹೆಜ್ಜೆ: ಪಟ್ಟಿ ಬರೆಯುವುದು

ಈಗ ಕಾಗದ ತೆಗೆದುಕೊಳ್ಳಿ. ಪ್ರತಿ ವಿಭಾಗಕ್ಕೆ ಎಂಟು ಹೆಸರು ಬರೆಯಿರಿ, ಐದಲ್ಲ. ಮೊದಲ ಮೂರು ಎಲ್ಲ ಕಡೆ ಕಂಡವು: ಕಿರುಪಟ್ಟಿ, ಸಂಘ, ಬಾಫ್ಟಾ. ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕನೆಯದು ವಿಭಾಗದ ಜಾಯಮಾನಕ್ಕೆ ಹೊಂದುವಂಥದ್ದು. ಐದನೆಯದು ನಿಮ್ಮ ಸ್ವಂತ ಸಾಹಸ. ಉಳಿದ ಮೂರು ಕಾಯುವ ಸಾಲು. ಸಾಹಸ ಮಾಡುವಾಗ ಒಂದು ಕಟ್ಟುಪಾಡು ಹಾಕಿಕೊಳ್ಳಿ: ಹೊಸ ಹೆಸರು ಒಳಗೆ ತಂದರೆ ಹೊರಗೆ ಹೋಗುವ ಹೆಸರನ್ನೂ ಅದರ ಕಾರಣವನ್ನೂ ಬರೆಯಬೇಕು. ‘ಟಾರ್ ಒಳಗೆ’ ಎನ್ನುವುದು ಸುಲಭ. ‘ಟಾಪ್ ಗನ್ ಹೊರಗೆ, ಏಕೆಂದರೆ ಅದನ್ನು ಮೊದಲ ಸಾಲಿನಲ್ಲಿ ಬರೆಯುವವರು ಕಾಣುವುದಿಲ್ಲ’ ಎಂದು ಬರೆಯಲು ಎದೆ ಬೇಕು.

ಒಂದೇ ಚಿತ್ರವನ್ನು ಎಂಟು ವಿಭಾಗದಲ್ಲಿ ಬರೆದಿದ್ದೀರಾ ಎಂದು ಕೊನೆಗೊಮ್ಮೆ ಅಡ್ಡಸಾಲಿನಲ್ಲಿ ನೋಡಿ. ಪ್ರೀತಿಯ ಚಿತ್ರ ಮೆಲ್ಲಗೆ ಎಲ್ಲ ಕಡೆ ನುಸುಳುತ್ತದೆ, ಗೊತ್ತೇ ಆಗುವುದಿಲ್ಲ. ಪ್ರತಿ ಶಾಖೆಯೂ ಬೇರೆ ಬೇರೆ ಕುಳಿತು ಮತ ಹಾಕುತ್ತದೆ. ಒಬ್ಬರ ಪ್ರೀತಿ ಇನ್ನೊಬ್ಬರಿಗೆ ತಗುಲಬೇಕೆಂದಿಲ್ಲ.

ದಿನಾಂಕಗಳ ಮೇಲೂ ಕಣ್ಣಿರಲಿ. ಮತದಾನ ಕೆಲವೇ ದಿನ ನಡೆಯುತ್ತದೆ. ಕೆಲವು ಪಟ್ಟಿಗಳು ಮತದಾನ ಮುಗಿದ ಮೇಲೆ ಬರುತ್ತವೆ. 2023ರಲ್ಲಿ ಬಾಫ್ಟಾ ನಾಮನಿರ್ದೇಶನ ಪ್ರಕಟವಾದಾಗ ಆಸ್ಕರ್ ಮತಪತ್ರಗಳು ಆಗಲೇ ಒಳಸೇರಿದ್ದವು. ಅಂಥ ಪಟ್ಟಿ ಮತದಾರರನ್ನು ಪ್ರಭಾವಿಸಿರಲು ಸಾಧ್ಯವಿಲ್ಲ, ಅಭಿರುಚಿ ಯಾವ ಕಡೆಗಿದೆ ಎಂದಷ್ಟೇ ತೋರಿಸುತ್ತದೆ.

ಕೊನೆಯ ಹೆಜ್ಜೆ: ಫಲಿತಾಂಶದ ಸಂಜೆ

ಅಲ್ಲಿ ಬೆಳಗಿನ ಜಾವ ಐದೂವರೆಗೆ ಹೆಸರುಗಳನ್ನು ಓದಿದರೆ ಭಾರತದಲ್ಲಿ ಸಂಜೆ ಏಳು. ಅದಕ್ಕೂ ಒಂದು ದಿನ ಮೊದಲೇ ಪಟ್ಟಿಗೆ ಬೀಗ ಹಾಕಿ. ಕೊನೆಯ ಗಳಿಗೆಯ ತಿದ್ದುಪಡಿಗಳಿಂದ ನಾನು ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಐದಕ್ಕೆ ನಾಲ್ಕು ಸರಿಯಾದರೆ ಅದು ಒಳ್ಳೆಯ ಫಲಿತಾಂಶ, ಮೂರಾದರೆ ಸಾಧಾರಣ. ಅಂಕ ಕೂಡಿಸಿ ಪುಸ್ತಕ ಮುಚ್ಚಬೇಡಿ. ತಪ್ಪಿದ ಪ್ರತಿ ಹೆಸರಿನ ಪಕ್ಕ ಒಂದು ಸಾಲು ಬರೆಯಿರಿ: ಸುಳಿವು ಇರಲಿಲ್ಲವೋ, ಇದ್ದದ್ದು ಕಾಣಲಿಲ್ಲವೋ, ಕಂಡರೂ ನಂಬಲಿಲ್ಲವೋ. ನನ್ನ 2023ರ ಪುಟದಲ್ಲಿ ‘ಟಾರ್’ ಎದುರು ಬರೆದಿರುವುದು ‘ಕಪ್ಪೆ!’ ಎಂಬ ಒಂದೇ ಪದ. ಈಗ ಪ್ರತಿ ನವೆಂಬರ್‌ನಲ್ಲಿ ಹೊಸ ಪುಸ್ತಕ ತೆರೆಯುವ ಮೊದಲು ಆ ಪುಟವನ್ನು ಒಮ್ಮೆ ತಿರುವಿ ನೋಡುತ್ತೇನೆ.